ಸೈನ್ಯವಿಲ್ಲದ ಮೇಯರ್, ಒಂದೇ ಮಂತ್ರದ ಮಾಂತ್ರಿಕ

ಇವತ್ತಿನದು ಸ್ವಲ್ಪ ಉದ್ದದ ಬರಹ. ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟುಕೊಂಡು ಕೂತರೆ ಒಳ್ಳೆಯದು. ಕವಿತೆ, ಚಾರಣ, ಊರಿನ ನೆನಪು ಅಂತ ಚೆಂದಚೆಂದವಾಗಿ ಬರೆಯೋ ನಿಮ್ಮ ನಡುವೆ ನಾನು ಆಟದ ಬಗ್ಗೆ ಬರೀತಿದ್ದೀನಿ. ಕ್ರಿಕೆಟ್ ಅಲ್ಲ, ಮೊಬೈಲ್ ಗೇಮೂ ಅಲ್ಲ. ರೋಲ್‌ಪ್ಲೇಯಿಂಗ್ ಅಂತಾರಲ್ಲ, ಅದು.

ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬಳು ಮಾಂತ್ರಿಕೆ. ಇನ್ನೊಬ್ಬ ಆ ಲೋಕವನ್ನು ನಡೆಸುತ್ತಾನೆ: "ಎದುರಿಗೆ ಹಳೇ ಕೋಟೆ, ಬಾಗಿಲು ಮುಚ್ಚಿದೆ, ಏನ್ ಮಾಡ್ತೀರಿ?" ನೀವು ಪಾತ್ರವಾಗಿ ಮಾತಾಡ್ತೀರಿ, ಅನುಮಾನ ಬಂದ ಕಡೆ ದಾಳ ಉರುಳಿಸ್ತೀರಿ. ತಾಳಮದ್ದಳೆ ನೋಡಿದವರಿಗೆ ಅರ್ಧ ವಿಷಯ ಆಗಲೇ ಅರ್ಥವಾಗಿರುತ್ತೆ. ವೇಷ ಇಲ್ಲ, ಕೂತಲ್ಲೇ ಪಾತ್ರ, ಮಾತು ಆ ಕ್ಷಣಕ್ಕೇ ಹುಟ್ಟಬೇಕು. ವ್ಯತ್ಯಾಸ ಏನಂದ್ರೆ, ಇಲ್ಲಿ ಪ್ರಸಂಗ ಮೊದಲೇ ಗೊತ್ತಿರೋದಿಲ್ಲ. ಕೇಳೋರೂ ನಾವೇ, ಆಡೋರೂ ನಾವೇ.

ಈ ಆಟದ ಮಂದಿ ಐವತ್ತು ವರ್ಷದಿಂದ ಒಂದೇ ವಿಷಯಕ್ಕೆ ಕಿತ್ತಾಡ್ತಿದ್ದಾರೆ. ಪಾತ್ರಗಳ ಬಲ ಸಮನಾಗಿ ಇರಬೇಕಾ? ಒಬ್ಬ ಬೆಟ್ಟ ಹಾರಿಸುವಷ್ಟು ಬಲವಂತ, ಪಕ್ಕದವನ ಕೈಯಲ್ಲಿ ಒಂದು ಕೋಲು, ಹೀಗಿದ್ರೆ ಇಬ್ಬರೂ ಒಂದೇ ಮೇಜಿನಲ್ಲಿ ಖುಷಿಯಾಗಿ ಆಡೋಕೆ ಆಗುತ್ತಾ?

ಚರಿತ್ರೆ ನೋಡಿದ್ರೆ ತಮಾಷೆ ಕಾಣುತ್ತೆ. ಈ ಆಟ ಹುಟ್ಟಿದ್ದೇ ಅಸಮಾನತೆಯಿಂದ.

1969. ಅಮೆರಿಕದ ಮಿನೆಸೋಟ ರಾಜ್ಯದ ಅವಳಿ ನಗರಗಳು, ಅಂದ್ರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್. ಅಲ್ಲಿ ಪುಟ್ಟ ಪುಟ್ಟ ಸೈನಿಕರ ಗೊಂಬೆ ಇಟ್ಟು ನೆಪೋಲಿಯನ್ ಕಾಲದ ಯುದ್ಧದಾಟ ಆಡೋ ಒಂದು ಗುಂಪಿತ್ತು. ಅವರಲ್ಲಿ ಡೇವಿಡ್ ವೆಸ್ಲಿ ಅನ್ನುವವನು ಬ್ರೌನ್‌ಸ್ಟೈನ್ ಅನ್ನೋ ಒಂದು ಕಾಲ್ಪನಿಕ ಪ್ರಷ್ಯನ್ ಊರನ್ನು ಕಟ್ಟಿದ. ಎರಡು ಸೈನ್ಯ, ಇಬ್ಬರು ಸೇನಾಪತಿಗಳು. ಆದರೆ ಆಡೋಕೆ ಬರೋರು ಇಬ್ಬರೇ ಅಲ್ಲವಲ್ಲ, ಮಿಕ್ಕವರಿಗೆ ಏನು ಕೊಡೋದು? ಒಬ್ಬನನ್ನು ಊರಿನ ಮೇಯರ್ ಮಾಡಿದ, ಒಬ್ಬನನ್ನು ಬ್ಯಾಂಕಿನ ಯಜಮಾನ, ಒಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ. ಇವರ ಹತ್ತಿರ ಒಂದು ತುಕಡಿಯೂ ಇಲ್ಲ. ಯುದ್ಧದಾಟದ ಲೆಕ್ಕದಲ್ಲಿ ಇವರ ಬಲ ಸೊನ್ನೆ.

ಆಮೇಲೆ ಆಗಿದ್ದು ವೆಸ್ಲಿ ಅಂದುಕೊಂಡ ಹಾಗೆ ಅಲ್ಲ. ಸೈನ್ಯ ಇಲ್ಲದವರು ಏನ್ ಮಾಡ್ತಾರೆ? ಮಾತಾಡ್ತಾರೆ! ಮೂಲೆ ಮೂಲೆಯಲ್ಲಿ ಗುಸುಗುಸು, ಒಪ್ಪಂದ, ಪಿತೂರಿ. ಇಬ್ಬರು ಆಟಗಾರರು ಬಂದು "ನಾವು ದ್ವಂದ್ವಯುದ್ಧ ಮಾಡ್ತೀವಿ" ಅಂದರಂತೆ. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ಅಲ್ಲೇ ಒಂದು ನಿಯಮ ಹುಟ್ಟಿಸಿ ದಾಳ ಉರುಳಿಸಿದ. ಸೈನ್ಯಗಳು ಮೇಜಿನ ಮೇಲೆ ಮುಖಾಮುಖಿ ಆಗಲೇ ಇಲ್ಲ. ಆಟ ಕೆಟ್ಟೇಹೋಯ್ತು ಅಂತ ಅವನು ತಲೆ ಮೇಲೆ ಕೈ ಹೊತ್ತರೆ, ಆಡಿದವರು ಮಾತ್ರ "ಮತ್ತೆ ಯಾವಾಗ?" ಅಂತ ಹಿಂದೆ ಬಿದ್ದರು.

ಮುಂದೆ ಇದೇ ಸರಣಿಯ ಇನ್ನೊಂದು ಆಟ, ಲ್ಯಾಟಿನ್ ಅಮೆರಿಕದ ಒಂದು ಪುಟ್ಟ ಕಾಲ್ಪನಿಕ ದೇಶದಲ್ಲಿ. ಡೇವ್ ಆರ್ನೆಸನ್ ಅನ್ನುವವನಿಗೆ ಸಿಕ್ಕಿದ್ದು ವಿದ್ಯಾರ್ಥಿ ಚಳವಳಿಗಾರನ ಪಾತ್ರ. ಬಂದೂಕು ಹಿಡಿದವರ ನಡುವೆ ಕರಪತ್ರ ಹಂಚುವವನು. ಅವನು ಮನೆಯಲ್ಲೇ ಸಿಐಎಯ ಒಂದು ನಕಲಿ ಗುರುತಿನ ಚೀಟಿ ತಯಾರಿಸಿಕೊಂಡು ಬಂದು, ತಾನು ಅಮೆರಿಕದ ಗೂಢಚಾರ ಅಂತ ಉಳಿದವರನ್ನೆಲ್ಲ ನಂಬಿಸಿಬಿಟ್ಟ ಅನ್ನೋದು ಈ ಲೋಕದಲ್ಲಿ ಎಲ್ಲರೂ ಹೇಳೋ ಕತೆ. ಇದೇ ಆರ್ನೆಸನ್ 1971ರ ಹೊತ್ತಿಗೆ ಬ್ಲ್ಯಾಕ್‌ಮೂರ್ ಅನ್ನೋ ಮಾಯಾಲೋಕ ಕಟ್ಟಿದ. ಆಮೇಲೆ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದ. ಒಂದು ಡಬ್ಬಿಯಲ್ಲಿ ಮೂರು ಪುಟ್ಟ ಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ.

ನನಗೆ ಇದರಲ್ಲಿ ಇಷ್ಟವಾಗೋದು ಒಂದೇ. ಪಾತ್ರವಾಗಿ ಮಾತಾಡೋ ಅಭ್ಯಾಸ ಶುರು ಮಾಡಿದವರು ಸೇನಾಪತಿಗಳಲ್ಲ. ಅವರಿಗೆ ಮಾತಿನ ಅಗತ್ಯವೇ ಇರಲಿಲ್ಲ, ಫಿರಂಗಿ ಇತ್ತಲ್ಲ.

ಇನ್ನೊಂದು ಬಲದ ಬಗ್ಗೆಯೂ ಹೇಳ್ಬೇಕು, ತೀರ್ಪು ಕೊಡುವವನ ಬಲ. ಇದರ ಬೇರು ಇನ್ನೂ ಹಿಂದಕ್ಕೆ, ಪ್ರಷ್ಯಾದ ಸೈನ್ಯಕ್ಕೆ ಹೋಗುತ್ತೆ. ಅಲ್ಲಿ 1824ರಲ್ಲಿ ರೈಸ್ವಿಟ್ಜ್ ಅನ್ನೋ ಅಧಿಕಾರಿ ತನ್ನ ತಂದೆಯ ಯುದ್ಧದಾಟವನ್ನು ತಿದ್ದಿ 'ಕ್ರೀಗ್ಸ್‌ಪೀಲ್' ಅಂತ ಮಾಡಿದ. ನಕ್ಷೆ, ದಾಳ, ಕೋಷ್ಟಕದ ಮೇಲೆ ಕೋಷ್ಟಕ, ಮಧ್ಯೆ ಒಬ್ಬ ಅಂಪೈರ್. ಲೆಕ್ಕ ಹಾಕೀ ಹಾಕೀ ಜನಕ್ಕೆ ಸಾಕಾಯ್ತು. 1876ರಲ್ಲಿ ವರ್ಡಿ ಡು ವೆರ್ನುವಾ ಅನ್ನೋ ಸೇನಾಧಿಕಾರಿ, ಇಷ್ಟೆಲ್ಲ ಕೋಷ್ಟಕ ಬೇಡ, ಅನುಭವಸ್ಥ ಅಂಪೈರ್ ಏನು ಹೇಳ್ತಾನೋ ಅದೇ ಆಯ್ತು ಅನ್ನೋ ಪದ್ಧತಿ ಮುಂದಿಟ್ಟ. 1880ರಲ್ಲಿ ಅಮೆರಿಕದ ಚಾರ್ಲ್ಸ್ ಟಾಟನ್ 'ಸ್ಟ್ರಾಟೆಗಾಸ್' ಅಂತ ಪುಸ್ತಕ ಬರೆದ. ಅದನ್ನು ಮಿನೆಸೋಟ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹುಡುಕಿ ತೆಗೆದವನು ಮತ್ಯಾರೂ ಅಲ್ಲ, ನಮ್ಮ ವೆಸ್ಲಿ. ಆಟಗಾರ ಏನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತೋ ಇಲ್ಲವೋ ಅಂತ ಅಂಪೈರ್ ಹೇಳ್ತಾನೆ ಅನ್ನೋದು ಅಲ್ಲಿಂದ ಬಂತು.

ಏನು ಬೇಕಾದರೂ ಪ್ರಯತ್ನಿಸಬಹುದು ಅನ್ನೋ ಸ್ವಾತಂತ್ರ್ಯ ಬೇಕಾದ್ರೆ, ಒಬ್ಬನ ಕೈಗೆ ಪೂರ್ತಿ ಅಧಿಕಾರ ಕೊಡಬೇಕು! ಎಂಥ ವ್ಯಾಪಾರ ನೋಡಿ. ಆ ಅಧಿಕಾರದ ಮದ ಎಷ್ಟಿತ್ತು ಅನ್ನೋದಕ್ಕೆ 1979ರ ಡಂಜನ್ ಮಾಸ್ಟರ್ಸ್ ಗೈಡ್ ನೋಡಬೇಕು. ತರಲೆ ಮಾಡೋ ಆಟಗಾರನನ್ನು ಹೇಗೆ ಸಂಭಾಳಿಸೋದು ಅನ್ನೋದಕ್ಕೆ ಗೈಗ್ಯಾಕ್ಸ್ ಕೊಟ್ಟ ಸಲಹೆಗಳಲ್ಲಿ ಒಂದು, ಅವನ ಪಾತ್ರದ ತಲೆ ಮೇಲೆ ಆಕಾಶದಿಂದ ನೀಲಿ ಸಿಡಿಲು ಬೀಳಿಸೋದು. ನಮ್ಮ ಪ್ರೈಮರಿ ಸ್ಕೂಲ್ ಮೇಷ್ಟ್ರುಗಳೆಲ್ಲ ಇದನ್ನು ಓದಿದ್ರೆ ಬಹಳ ಮೆಚ್ಚಿಕೊಳ್ತಿದ್ರು :)

ಸರಿ, ಆಟಗಾರರ ನಡುವಿನ ಅಸಮಾನತೆಗೆ ಬರೋಣ. ಇದರ ಶಾಶ್ವತ ಉದಾಹರಣೆ ಯೋಧ ಮತ್ತು ಮಾಂತ್ರಿಕ. 1974ರ ನಿಯಮದಲ್ಲಿ ಮೊದಲ ಲೆವೆಲ್ಲಿನ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅದು ಮುಗೀತು ಅಂದ್ರೆ ಅವನು ಚಾಕು ಹಿಡಿದ ಬಡಪಾಯಿ. ಯೋಧನ ಬೆನ್ನ ಹಿಂದೆ ಅವಿತುಕೊಂಡೇ ಬದುಕಬೇಕು. ಎರಡನೇ ಲೆವೆಲ್ಲಿಗೆ ಯೋಧನಿಗೆ 2,000 ಅನುಭವದ ಅಂಕ ಸಾಕು, ಮಾಂತ್ರಿಕನಿಗೆ 2,500 ಬೇಕು. ಆದರೆ ಹೇಗೋ ಉಳಿದುಕೊಂಡು ಮೇಲೆ ಬಂದ ಅಂದ್ರೆ ಅವನ ಮಂತ್ರಗಳು ಲೋಕವನ್ನೇ ಅಲ್ಲಾಡಿಸ್ತಾವೆ. ಯೋಧ ಮಾತ್ರ ಅದೇ ಕತ್ತಿ, ಸ್ವಲ್ಪ ಜೋರಾಗಿ ಬೀಸ್ತಾನೆ.

ಹಾಗಾದ್ರೆ ಯೋಧನಿಗೆ ಅನ್ಯಾಯವಾ? ಮೊದಮೊದಲು ಅಷ್ಟೇನೂ ಅಲ್ಲ. ಇದನ್ನು ಈಗಿನವರು ಮರೆತೇಬಿಟ್ಟಿದ್ದಾರೆ. ಹಳೇ ನಿಯಮದಲ್ಲಿ ಒಂಬತ್ತನೇ ಲೆವೆಲ್ ಮುಟ್ಟಿದ ಯೋಧ ಕೋಟೆ ಕಟ್ಟಬಹುದಿತ್ತು, ಸುತ್ತಲ ಹಳ್ಳಿಗಳಿಂದ ಕಂದಾಯ ಎತ್ತಬಹುದಿತ್ತು, ಸೈನಿಕರು ತಾವಾಗಿ ಬಂದು ಸೇರ್ತಿದ್ದರು. ಮಾಂತ್ರಿಕನದು ಮಂತ್ರದ ಬಲ, ಯೋಧನದು ಜನಬಲ, ಭೂಬಲ. ಜೊತೆಗೆ 1970ರ ದಶಕದ ಕೊನೆಯ ಅಡ್ವಾನ್ಸ್ಡ್ ಆವೃತ್ತಿಯಲ್ಲಿ, ಮಂತ್ರ ಹೇಳುವಾಗ ಒಂದು ಏಟು ಬಿದ್ದರೆ ಮಂತ್ರ ಹಾಳು. ಅಂದರೆ ದೊಡ್ಡ ಮಾಂತ್ರಿಕನಿಗೂ ಕಾವಲಿಗೆ ಯೋಧ ಬೇಕೇ ಬೇಕು.

2000ದಲ್ಲಿ ಮೂರನೇ ಆವೃತ್ತಿ ಬಂತು. ಎಲ್ಲರಿಗೂ ಒಂದೇ ಅಂಕಪಟ್ಟಿ. ಏಟು ಬಿದ್ದರೂ ದಾಳ ಉರುಳಿಸಿ ಮಂತ್ರ ಉಳಿಸಿಕೊಳ್ಳಬಹುದು. ಕೋಟೆ, ಸೈನಿಕರು ಯೋಧನ ಹಕ್ಕಾಗಿ ಉಳಿಯಲಿಲ್ಲ, ಅನುಚರರನ್ನು ಪಡೆಯೋ ಅವಕಾಶ ಮಾಂತ್ರಿಕನಿಗೂ ಸಿಕ್ಕಿತು. ನಿಯಮಗಳು ಚೊಕ್ಕಟವಾದವು, ಒಪ್ತೀನಿ. ಆದರೆ ಒಂದೊಂದು ಬದಲಾವಣೆಯೂ ಮಾಂತ್ರಿಕನ ಕಡೆಗೇ ವಾಲಿತು. ನಮ್ಮ ಕೆಲಸದಲ್ಲೂ ಹೀಗೆ ಆಗೋದುಂಟು. ಹಳೇ ಕೋಡಿನಲ್ಲಿ ಯಾಕೋ ಇದೆ ಅಂತ ಒಂದು ಸಾಲು ತೆಗೀತೀವಿ, ಅದು ಏನನ್ನು ತಡೆದು ಹಿಡಿದಿತ್ತು ಅನ್ನೋದು ಪ್ರೊಡಕ್ಷನ್ನಿಗೆ ಹೋದ ಮೇಲೆ ಗೊತ್ತಾಗುತ್ತೆ.

ಇದು ನನಗೆ ಬರೀ ಚರಿತ್ರೆ ಆಗಿದ್ದರೆ ಇಷ್ಟು ಬರೀತಿರಲಿಲ್ಲ. ನಾವು ಐದು ಜನ ಶನಿವಾರ ಸಂಜೆ 2014ರ ಐದನೇ ಆವೃತ್ತಿ ಆಡ್ತೀವಿ. ನಮ್ಮಲ್ಲಿ ಯೋಧನ ಪಾತ್ರ ಮಾಡ್ತಿದ್ದ ಗೆಳೆಯ ಶಿವಮೊಗ್ಗ ಕಡೆಯವನು, ಮಾತಿನಲ್ಲಿ ಪ್ರಚಂಡ. ಒಂದು ಸಲ ಆಳವಾದ ಕಮರಿ ದಾಟಬೇಕಿತ್ತು. ಇವನು ಹಗ್ಗ, ಗೂಟ, ಎದುರು ದಡದ ಮರ ಅಂತ ಹತ್ತು ನಿಮಿಷ ಕೂತು ಯೋಚನೆ ಮಾಡಿ ಒಂದು ಉಪಾಯ ಹೇಳಿದ. ಎಲ್ಲ ಕೇಳಿಸಿಕೊಂಡ ಮಾಂತ್ರಿಕ, "ಹಾರೋ ಮಂತ್ರ ಇದೆಯಲ್ಲ" ಅಂದ. ಮುಗೀತು. ಅವನು ತಪ್ಪೇನೂ ಮಾಡಲಿಲ್ಲ, ಮಂತ್ರ ಇತ್ತು, ಹಾಕಿದ. ಆದರೆ ಆಮೇಲಾಮೇಲೆ ಬೀಗಕ್ಕೆ ಒಂದು ಮಂತ್ರ, ಕಾವಲುಗಾರನಿಗೆ ಒಂದು ಮಂತ್ರ, ಮರೆಯಾಗೋಕೆ ಒಂದು ಮಂತ್ರ ಅಂತ ಎರಡು ತಿಂಗಳು ಹೋಯ್ತು. ಯೋಧ ಬರೋದು ನಿಲ್ಲಿಸಿದ. ಕರೆದಿದ್ದಕ್ಕೆ, "ನೀವು ಆಡೋದು ನೋಡೋಕೆ ನಾನ್ಯಾಕೋ ಬರ್ಲಿ, ಮನೇಲಿ ನೆಟ್‌ಫ್ಲಿಕ್ಸ್ ಇದೆ" ಅಂದ. ನಕ್ಕೊಂಡೇ ಹೇಳಿದ, ಆದರೆ ಬರಲಿಲ್ಲ. ಆರು ವರ್ಷದ ಸ್ನೇಹ. ಈಗ ಆಫೀಸ್ ಕ್ಯಾಂಟೀನಿನಲ್ಲಿ ಸಿಕ್ಕರೆ ಆಟದ ವಿಷಯ ಬಿಟ್ಟು ಮಿಕ್ಕದ್ದೆಲ್ಲ ಮಾತಾಡ್ತೀವಿ.

ಹಾಗಾದ್ರೆ ಎಲ್ಲರನ್ನೂ ಸಮ ಮಾಡಿಬಿಟ್ಟರೆ? ಅದನ್ನೂ ಮಾಡಿ ನೋಡಿದರು. 2008ರ ನಾಲ್ಕನೇ ಆವೃತ್ತಿಯಲ್ಲಿ ಯೋಧ, ಮಾಂತ್ರಿಕ, ಕಳ್ಳ ಎಲ್ಲರಿಗೂ ಒಂದೇ ಚೌಕಟ್ಟು. ಯಾವಾಗಲೂ ಬಳಸೋ ಕೆಲವು ಶಕ್ತಿ, ಹೋರಾಟಕ್ಕೊಂದು ಸಲ ಬಳಸೋ ಕೆಲವು, ದಿನಕ್ಕೊಂದು ಸಲದ್ದು ಕೆಲವು. ತಕ್ಕಡಿ ಸರಿಯಾಯ್ತು. ಆದರೆ ಎಲ್ಲ ಪಾತ್ರಗಳೂ ಒಂದೇ ಥರ ಅನ್ನಿಸ್ತವೆ ಅಂತ ಬಹಳ ಜನ ಮುನಿಸಿಕೊಂಡರು. 2009ರಲ್ಲಿ ಬಂದ ಪಾತ್‌ಫೈಂಡರ್ ಹಳೇ ಮೂರನೇ ಆವೃತ್ತಿಯನ್ನೇ ಮುಂದುವರಿಸಿ ದೊಡ್ಡದೊಂದು ಪಾಲು ಆಟಗಾರರನ್ನು ಎಳೆದುಕೊಂಡಿತು. ಅಂದ್ರೆ, ಓರೆ ತಕ್ಕಡಿ ಬೇಕು ಅಂತ ಜನ ದುಡ್ಡು ಕೊಟ್ಟು ಹೇಳಿದರು.

ನನ್ನ ಪ್ರಕಾರ ಇದಕ್ಕೆ ಎಲ್ಲಕ್ಕಿಂತ ಬುದ್ಧಿವಂತ ಉತ್ತರ ಬಂದಿದ್ದು 1987ರಲ್ಲಿ. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ಮಾಡಿದ ಆರ್ಸ್ ಮ್ಯಾಜಿಕಾ. ಮಧ್ಯಯುಗದ ಯುರೋಪು, ಮಾಂತ್ರಿಕರ ಮಠಗಳು. ಇಲ್ಲಿ ಮಾಂತ್ರಿಕ ಮಿಕ್ಕವರಿಗಿಂತ ಎಷ್ಟೋ ಪಟ್ಟು ಬಲಶಾಲಿ, ಅದನ್ನು ಮುಚ್ಚಿಡೋ ಪ್ರಯತ್ನವೇ ಇಲ್ಲ. ಬದಲಿಗೆ ಪ್ರತಿಯೊಬ್ಬ ಆಟಗಾರನಿಗೂ ಒಬ್ಬ ಮಾಂತ್ರಿಕ, ಜೊತೆಗೆ ಒಬ್ಬ ಸಂಗಾತಿಯ ಪಾತ್ರ. ಇನ್ನು ಮಠದ ಕಾವಲುಗಾರರು, ಆಳುಗಳು ಇರ್ತಾರಲ್ಲ, 'ಗ್ರಾಗ್' ಅಂತಾರೆ, ಅವರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಆಡಬಹುದು. ಈ ವಾರ ನೀನು ಮಾಂತ್ರಿಕ, ನಾನು ನಿನ್ನ ಪೆಟ್ಟಿಗೆ ಹೊರುವವನು. ಮುಂದಿನ ವಾರ ಅದಲು ಬದಲು. ಕತೆ ನಡೆಸೋ ಕೆಲಸವೂ ಕೈ ಬದಲಾಗಬಹುದು. ಪಾತ್ರಗಳು ಸಮ ಅಲ್ಲ, ಆಟಗಾರರು ಸಮ. ಇದನ್ನು ಓದಿದಾಗ ನನಗೆ, ಅರೆ, ಇಷ್ಟು ಸರಳವಾ ಅನ್ನಿಸಿತು. ಪೆಟ್ಟಿಗೆ ಹೊರುವವನ ಪಾತ್ರ ಎಷ್ಟು ಮಜಾ ಅನ್ನೋದು ಹೊತ್ತವರಿಗೇ ಗೊತ್ತು. ಯಜಮಾನನ ಬಗ್ಗೆ ಹಿಂದಿನಿಂದ ಆಡಿಕೊಳ್ಳೋ ಸುಖ ಯಜಮಾನನಿಗೆಲ್ಲಿ?

1991ರ ಆಂಬರ್ ಅನ್ನೋ ಆಟದಲ್ಲಿ ದಾಳವೇ ಇಲ್ಲ. ಶುರುವಿನಲ್ಲಿ ಆಟಗಾರರು ಅಂಕ ಕೊಟ್ಟು ಹರಾಜು ಕೂಗ್ತಾರೆ. ಕತ್ತಿವರಸೆಯಲ್ಲಿ ಯಾರು ಮೊದಲು ಅನ್ನೋದು ಅಲ್ಲೇ ತೀರ್ಮಾನ. ಎರಡನೆಯವನು ಮೊದಲನೆಯವನನ್ನು ನೇರಾನೇರ ಸೋಲಿಸೋ ಹಾಗಿಲ್ಲ. ಹಾಗಾಗಿ ಅವನು ಜಾಗ ಬದಲಾಯಿಸಬೇಕು, ಮೋಸ ಮಾಡಬೇಕು, ಇನ್ನೊಬ್ಬರನ್ನು ಕಟ್ಟಿಕೊಳ್ಳಬೇಕು. ಮತ್ತೆ ಬ್ರೌನ್‌ಸ್ಟೈನ್ ಮೇಯರೇ! 2002ರ ಬಫಿ ಆಟದಲ್ಲಿ ರಾಕ್ಷಸರನ್ನು ಕೊಲ್ಲೋ ನಾಯಕಿಗಿಂತ ಅವಳ ಸಾಧಾರಣ ಗೆಳೆಯರಿಗೆ 'ಡ್ರಾಮಾ ಪಾಯಿಂಟ್' ಹೆಚ್ಚು. ತೋಳಲ್ಲಿ ಬಲ ಕಡಿಮೆ ಇದ್ದವನಿಗೆ ಕತೆಯನ್ನು ತಿರುಗಿಸೋ ಬಲ ಜಾಸ್ತಿ. ನಮ್ಮ ಯೋಧ ಗೆಳೆಯನಿಗೆ ಬೇಕಿದ್ದದ್ದು ಇದೇ ಅನ್ಸುತ್ತೆ. ಅವನಿಗೆ ಹಾರೋಕೆ ಬರಬೇಕಿರಲಿಲ್ಲ. ಹಗ್ಗದ ಉಪಾಯಕ್ಕೆ ಬೆಲೆ ಸಿಗಬೇಕಿತ್ತು.

ಇನ್ನು ಕಂಪ್ಯೂಟರಿಗೆ ಬರೋಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿ ಹಲವರು ಒಟ್ಟಿಗೆ ಆಡಬಹುದಾದ ಒಂದು ಪಠ್ಯಲೋಕವನ್ನು ಶುರು ಮಾಡಿದ, ಹೆಸರು ಮಡ್. ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಚಿತ್ರ ಇಲ್ಲ, ಬರೀ ಅಕ್ಷರ. ಹುಟ್ಟಿನಿಂದ ಯಾರು ಅನ್ನೋದು ಲೆಕ್ಕಕ್ಕೆ ಬರದ, ಆಡಿ ಮೇಲೆ ಬರಬಹುದಾದ ಲೋಕ ಬೇಕಿತ್ತು, ಲೆವೆಲ್ ಇಟ್ಟಿದ್ದಕ್ಕೆ ಅದೂ ಒಂದು ಕಾರಣ ಅಂತ ಬಾರ್ಟಲ್ ಆಮೇಲೆ ಹೇಳಿಕೊಂಡಿದ್ದಾನೆ. ಇಂಗ್ಲೆಂಡಿನ ವರ್ಗಭೇದ ಕಂಡವರ ಮಾತು. ಸಾಕಷ್ಟು ಅಂಕ ಗಳಿಸಿದವನು 'ವಿಝರ್ಡ್' ಆಗ್ತಿದ್ದ. ವಿಝರ್ಡ್ ಆದವನು ಬೇರೆಯವರ ಮಾತು ಕದ್ದು ಕೇಳಬಹುದು, ಒಂದು ಆಜ್ಞೆಯಲ್ಲಿ ಇನ್ನೊಬ್ಬನ ಪಾತ್ರವನ್ನೇ ಮುಗಿಸಬಹುದು. ಗಮನಿಸಿ, ಇದು ಹೊಸ ಥರದ ಬಲ. ಮೇಜಿನ ಮಾಂತ್ರಿಕ ಕತೆಯ ಒಳಗೆ ಬಲಶಾಲಿ. ಈ ವಿಝರ್ಡ್ ಸಾಫ್ಟ್‌ವೇರಿನಲ್ಲೇ ಬಲಶಾಲಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ರೂಟ್ ಪಾಸ್‌ವರ್ಡ್ ಸಿಕ್ಕ ಹಾಗೆ.

ರೂಟ್ ಇದ್ದರೂ ಹುಷಾರಾಗಿರಬೇಕು ಅನ್ನೋದಕ್ಕೆ 1997ರ ಆಗಸ್ಟಿನ ಒಂದು ತಮಾಷೆ ಪ್ರಸಂಗ ಇದೆ. ಅಲ್ಟಿಮಾ ಆನ್‌ಲೈನ್ ಆಟದ ಪರೀಕ್ಷಾ ದಿನಗಳು. ಆಟದ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ 'ಲಾರ್ಡ್ ಬ್ರಿಟಿಷ್' ಅನ್ನೋ ದೊರೆಯಾಗಿ ಪ್ರಜೆಗಳಿಗೆ ದರ್ಶನ ಕೊಡೋಕೆ ಬಂದ. ದೊರೆಗೆ ಸಾವಿಲ್ಲ. ಆದರೆ ಸರ್ವರ್ ಕುಸಿದು ಮತ್ತೆ ಎದ್ದಿತ್ತು, ಅಮರತ್ವ ಆನ್ ಮಾಡೋದು ಮರೆತುಹೋಗಿತ್ತು. ಗುಂಪಿನಲ್ಲಿದ್ದ 'ರೈನ್ಜ್' ಅನ್ನೋ ಆಟಗಾರ ಬೆಂಕಿಯ ಮಂತ್ರ ಎಸೆದ. ದೊರೆ ಸತ್ತುಬಿದ್ದ! ಒಂದು ಫ್ಲ್ಯಾಗ್ ಮರೆತರೆ ದೇವರೂ ಸಾಯ್ತಾನೆ.

ಈಗ ಹೇಳೋದು ತಮಾಷೆಯಲ್ಲ. ಲ್ಯಾಂಬ್ಡಾಮೂ. 1990ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್‌ನಲ್ಲಿ ಪಾವೆಲ್ ಕರ್ಟಿಸ್ ಶುರು ಮಾಡಿದ ಪಠ್ಯಲೋಕ. ಅವನ ಸ್ವಂತ ಮನೆಯ ನಕ್ಷೆಯಲ್ಲೇ ಕಟ್ಟಿದ್ದು, ಹೊಸಬರು ಕೋಟು ನೇತುಹಾಕೋ ಕಪಾಟಿನೊಳಗೆ ಕಣ್ಣು ಬಿಡ್ತಿದ್ದರು, ಅಲ್ಲಿಂದ ನಡುಮನೆಗೆ. ಯಾರು ಬೇಕಾದರೂ ಒಳಗೆ ವಸ್ತುಗಳನ್ನು ಪ್ರೋಗ್ರಾಮ್ ಮಾಡಬಹುದಿತ್ತು. ಇಲ್ಲೂ ವಿಝರ್ಡ್‌ಗಳಿದ್ದರು, ಜಗಳ ಬಿಡಿಸೀ ಬಿಡಿಸೀ ಸಾಕಾಗಿದ್ದರು. 1992ರ ಡಿಸೆಂಬರಿನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದ. ಇನ್ನು ಮುಂದೆ ವಿಝರ್ಡ್‌ಗಳು ತಾಂತ್ರಿಕ ಕೆಲಸ ಮಾತ್ರ ಮಾಡ್ತಾರೆ, ಸಮಾಜದ ತೀರ್ಮಾನಗಳನ್ನು ನೀವೇ ಮಾಡಿಕೊಳ್ಳಿ ಅಂತ.

ಮೂರೇ ತಿಂಗಳು. 1993ರ ಮಾರ್ಚಿನ ಒಂದು ರಾತ್ರಿ 'ಮಿಸ್ಟರ್ ಬಂಗಲ್' ಅನ್ನೋ ಪಾತ್ರ ನಡುಮನೆಗೆ ಬಂತು. ಅದರ ಹತ್ತಿರ 'ವೂಡೂ ಗೊಂಬೆ' ಅನ್ನೋ ಒಂದು ಪುಟ್ಟ ಪ್ರೋಗ್ರಾಮ್. ಅದರಿಂದ ಬೇರೆಯವರ ಪಾತ್ರ ಏನೋ ಮಾಡಿತು ಅಂತ ತಾನೇ ಪಠ್ಯ ಹೊರಡಿಸಬಹುದು. ಎಲ್ಲರೆದುರು ಆ ಪಾತ್ರಗಳ ಮೇಲೆ ಲೈಂಗಿಕ ಹಿಂಸೆ ಬರೆಯಿತು, ಅವರೇ ಮಾಡಿಕೊಂಡ ಹಾಗೆ ಬರೆಯಿತು. ಆ ಪಾತ್ರಗಳ ಹಿಂದಿದ್ದವರು ತಮ್ಮ ಹೆಸರು ಪರದೆ ಮೇಲೆ ಏನೇನೋ ಮಾಡೋದನ್ನು ಓದ್ತಾ ಕೂತಿದ್ದರು. ಮರುದಿನ ಅದರ ಬಗ್ಗೆ ಬರೆಯುವಾಗ ಒಬ್ಬಾಕೆ ನಿಜವಾಗಿಯೂ ಕಣ್ಣೀರಿಟ್ಟಳು ಅಂತ ಜೂಲಿಯನ್ ಡಿಬ್ಬೆಲ್ ದಾಖಲಿಸಿದ್ದಾನೆ. ಇದರ ಬಗ್ಗೆ ಅವನ ಲೇಖನ ಬಂದಿದ್ದು 1993ರ ಡಿಸೆಂಬರಿನಲ್ಲಿ, ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ.

"ಬರೀ ಅಕ್ಷರ ತಾನೇ, ಆಫ್ ಮಾಡಿ ಎದ್ದು ಹೋಗಬಹುದಿತ್ತಲ್ಲ" ಅನ್ನೋರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ರೋಲ್‌ಪ್ಲೇಯಿಂಗ್‌ನಲ್ಲಿ ಆಟಗಾರನಿಗೆ ಇರೋದು ಒಂದೇ ಆಸ್ತಿ, ತನ್ನ ಪಾತ್ರ ಏನು ಮಾಡುತ್ತೆ ಅಂತ ತಾನು ಹೇಳೋ ಹಕ್ಕು. ಕುಲಪತಿಗೆ ಸೈನ್ಯ ಇರಲಿಲ್ಲ, ಆದರೆ ಅವನ ಮಾತನ್ನು ಅವನೇ ಆಡಿದ. ಪೆಟ್ಟಿಗೆ ಹೊರುವ ಆಳಿಗೆ ಮಂತ್ರ ಇಲ್ಲ, ಬಾಯಿ ಇದೆ. ಬಂಗಲ್ ಕಿತ್ತುಕೊಂಡಿದ್ದು ಅದನ್ನೇ. ಆನ್‌ಲೈನ್‌ನಲ್ಲಿ ಪಾತ್ರ ಬರೆದು ಆಡುವ ಗುಂಪುಗಳಲ್ಲೆಲ್ಲ ಇವತ್ತು ಮೊದಲ ನಿಯಮ ಒಂದೇ, ಇನ್ನೊಬ್ಬರ ಪಾತ್ರದ ಕ್ರಿಯೆಯನ್ನು ನೀವು ಬರೀಬೇಡಿ. 'ಕತ್ತಿ ಬೀಸಿದೆ' ಅನ್ನಿ. 'ಅವನ ಕೈ ಕತ್ತರಿಸಿದೆ' ಅನ್ನಬೇಡಿ.

ಮೂರು ದಿನದ ನಂತರ ಲ್ಯಾಂಬ್ಡಾಮೂನಲ್ಲಿ ಸಭೆ ಸೇರಿತು. ಗಂಟೆಗಟ್ಟಲೆ ಚರ್ಚೆ, ತೀರ್ಮಾನ ಮಾತ್ರ ಇಲ್ಲ. ಕೊನೆಗೆ ಒಬ್ಬ ವಿಝರ್ಡ್ ಯಾರನ್ನೂ ಕೇಳದೆ, ತಾನೇ ಬಂಗಲ್‌ನ ಖಾತೆ ಅಳಿಸಿಹಾಕಿದ. ಪ್ರವಾಸ ಮುಗಿಸಿ ಬಂದ ಕರ್ಟಿಸ್ ಇದು ಹೀಗೇ ನಡೆಯಬಾರದು ಅಂತ ಅರ್ಜಿ ಮತ್ತು ಮತದಾನದ ವ್ಯವಸ್ಥೆ ತಂದ. ಯಾರು ಬೇಕಾದರೂ ಅರ್ಜಿ ಹಾಕಬಹುದು, ಸಾಕಷ್ಟು ಸಹಿ ಬಂದರೆ ಮತಕ್ಕೆ, ವಿರುದ್ಧದ ಎರಡರಷ್ಟು ಮತ ಬಂದರೆ ವಿಝರ್ಡ್‌ಗಳು ಜಾರಿ ಮಾಡಬೇಕು. ಅಂದಹಾಗೆ, ಬಂಗಲ್‌ನ ಹಿಂದಿದ್ದವನು ಸ್ವಲ್ಪ ದಿನದಲ್ಲೇ ಹೊಸ ಹೆಸರಲ್ಲಿ ವಾಪಸ್ ಬಂದ.

ಮೂರು ವರ್ಷ ಹೀಗೇ ನಡೀತು. 1996ರ ಮೇ ತಿಂಗಳಲ್ಲಿ ವಿಝರ್ಡ್‌ಗಳು ಇನ್ನೊಂದು ಪ್ರಕಟಣೆ ಹೊರಡಿಸಿದರು. ತಾಂತ್ರಿಕ ತೀರ್ಮಾನ ಬೇರೆ, ಸಾಮಾಜಿಕ ತೀರ್ಮಾನ ಬೇರೆ ಅನ್ನೋ ಗೆರೆ ಉಳಿಯೋದಿಲ್ಲ, ಅಗತ್ಯ ಬಿದ್ದರೆ ನಾವೇ ತೀರ್ಮಾನ ತಗೋತೀವಿ ಅಂತ. ಎಷ್ಟೋ ಜನಕ್ಕೆ ಇದು ದ್ರೋಹ ಅನ್ನಿಸಿತು. ನನಗೆ ಮಾತ್ರ ಇದು ಆ ಲೋಕದ ಅತ್ಯಂತ ಪ್ರಾಮಾಣಿಕ ಪ್ರಕಟಣೆ ಅನ್ನಿಸುತ್ತೆ. ಒಬ್ಬರಿಗೆ ಎಷ್ಟು ವಸ್ತು ಕಟ್ಟಲು ಜಾಗ ಕೊಡೋದು ಅನ್ನೋದು ಡಿಸ್ಕ್ ಕೋಟಾ ಪ್ರಶ್ನೆ, ನಮ್ಮಂಥವರ ಕಣ್ಣಿಗೆ ಶುದ್ಧ ತಾಂತ್ರಿಕ. ಅಲ್ಲಿ ವಾಸ ಮಾಡೋನಿಗೆ ಅದು ಸೈಟು ಹಂಚಿಕೆ!

2007ರಲ್ಲಿ ಐಸ್‌ಲ್ಯಾಂಡಿನ ಈವ್ ಆನ್‌ಲೈನ್‌ನಲ್ಲೂ ಇಂಥದ್ದೇ ಗದ್ದಲ. ಕಂಪನಿಯ ಉದ್ಯೋಗಿಯೊಬ್ಬ ತಾನು ಆಡ್ತಿದ್ದ ಗುಂಪಿಗೆ ಬೆಲೆಬಾಳುವ ನೀಲನಕ್ಷೆಗಳನ್ನು ದೊರಕಿಸಿಕೊಟ್ಟಿದ್ದ. ಮರುವರ್ಷ, 2008ರಲ್ಲಿ, ಆಟಗಾರರು ಮತ ಹಾಕಿ ತಮ್ಮ ಪ್ರತಿನಿಧಿಗಳ ಮಂಡಳಿಯನ್ನು ಆರಿಸಿದರು. ಮಂಡಳಿಯವರನ್ನು ಕಂಪನಿ ರೇಕ್ಯಾವಿಕ್‌ಗೆ ಕರೆಸಿಕೊಂಡು ಮೇಜಿನ ಎದುರು ಕೂರಿಸಿ ಮಾತಾಡಿತು. ಅವರಿಗೆ ಸರ್ವರ್ ಮುಟ್ಟೋ ಅಧಿಕಾರ ಇರಲಿಲ್ಲ, ಕೋಡಿನ ಒಂದು ಸಾಲನ್ನೂ ಬದಲಾಯಿಸೋ ಹಾಗಿರಲಿಲ್ಲ. ಹೋದರು, ಕೂತರು, ವಾದ ಮಾಡಿದರು.